ಮನೆಗಾಡಿಗೆ ಹೊಸ ಓವನ್ ಕೂರಿಸಿದ್ದು

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದ. ದೇವರ ದಯೆಯಿಂದ ಚೆನ್ನಾಗಿದ್ದೇವೆ ಅಂತ ಬರೆಯೋಣ ಅಂದುಕೊಂಡೆ, ಬರೆಯಲು ಕೈ ಬರಲಿಲ್ಲ. ದಿನಾ ಫೋನಿನಲ್ಲಿ ಮಾತಾಡುವ ಅಮ್ಮ ಇದ್ದಕ್ಕಿದ್ದ ಹಾಗೆ ಪತ್ರ ಯಾಕೆ ಬರೆದಳು ಅಂತ ನಿನಗೆ ಗಾಬರಿಯಾಗುತ್ತದೆ. ಮನೆಯಲ್ಲಿರುವುದು ಒಂದೇ ಫೋನು, ಅದು ನಿಮ್ಮಪ್ಪನ ಜೇಬಿನಲ್ಲಿ. ಮಾತಾಡುವಾಗಲೂ ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ನಾನು ಹಲೋ ಅನ್ನುವಷ್ಟರಲ್ಲಿ ಅವರದು ಮೂರು ಜೋಕು ಮುಗಿದಿರುತ್ತದೆ. ಎದುರುಮನೆಯಲ್ಲಿ ಫೋನ್ ಕೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಈಗ ಅವರು ಸ್ಟೆಪ್ನಿ ಟೈರನ್ನು ಉರುಳಿಸಿಕೊಂಡು ಬೀದಿ ಕೊನೆಯ ಪಂಕ್ಚರ್ ಅಂಗಡಿಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಇದನ್ನು ಮುಗಿಸಿ ಸ್ಪೀಡ್ ಪೋಸ್ಟಿಗೆ ಹಾಕಬೇಕು. ಅಕ್ಷರ ವಕ್ರವಾಗಿದ್ದರೆ ಬೈಯಬೇಡ.

ಓವನ್ನಿನಿಂದಲೇ ಶುರುಮಾಡುತ್ತೇನೆ. ನಿಮ್ಮಪ್ಪ ಬಸ್ಸಿನ ಕೆಲಸ ಬಿಟ್ಟ ಮೇಲೆ ಹಟ ಹಿಡಿದು ತಂದರಲ್ಲ ಮನೆಗಾಡಿ, ಹಾಸಿಗೆ, ಒಲೆ, ಸಿಂಕು ಎಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡಿರುವ ಆ ವ್ಯಾನು, ಅದರ ಮೈಕ್ರೋವೇವ್ ಓವನ್ ಕೆಟ್ಟು ಕೂತಿತ್ತು. ದೀಪ ಹತ್ತುತ್ತಿತ್ತು, ತಟ್ಟೆ ತಿರುಗುತ್ತಿತ್ತು, ಗುಂಯ್ ಅನ್ನುತ್ತಿತ್ತು, ಹಾಲು ಮಾತ್ರ ಇಟ್ಟ ಹಾಗೇ ತಣ್ಣಗೆ. ಬರುವ ಶನಿವಾರ ಮೊಮ್ಮಕ್ಕಳು ಬರುತ್ತಾರೆ, ಈ ಗಾಡಿಯಲ್ಲೇ ಸಮುದ್ರಕ್ಕೆ ಕರೆದುಕೊಂಡು ಹೋಗಬೇಕು, ಚಿಕ್ಕವಳಿಗೆ ಬಿಸಿ ಹಾಲಿಲ್ಲದೆ ನಿದ್ದೆ ಹತ್ತುವುದಿಲ್ಲ, ಹೊಸದು ಕೂರಿಸಲೇಬೇಕು ಅಂತ ಹಿಡಿದರು. ಒಲೆಯ ಮೇಲೆ ಕಾಯಿಸಿದರೆ ಆಗದೇ ಅಂದೆ. ಸಮುದ್ರದವರೆಗೆ ದಾರಿಯುದ್ದ ಗ್ಯಾಸ್ ಹಚ್ಚಿಕೊಂಡು ಕೂರ್ತೀಯಾ ಅಂದು ನನ್ನ ಬಾಯಿ ಮುಚ್ಚಿಸಿದರು.

ಎದುರುಮನೆಯ ಎಲೆಕ್ಟ್ರಿಷಿಯನ್ ತಾನಾಗಿಯೇ ಬಂದ. ಅಣ್ಣಾ, ಇದು ಇಬ್ಬರು ಗಂಡಸರ ಕೆಲಸ, ಒಂದು ಕಡೆ ನಾನು ಹಿಡೀತೀನಿ ಅಂದ. ನಿಮ್ಮಪ್ಪ ಬಿಡುತ್ತಾರೆಯೇ? ಮೂವತ್ತು ವರ್ಷ ಬಸ್ಸು ತಿರುಗಿಸಿದ ಕೈಯಪ್ಪಾ ಇದು, ಒಂದು ಡಬ್ಬ ಇಳಿಸೋಕೆ ನಿನ್ನನ್ನು ಕರೀಬೇಕಾ, ಮೊದಲು ನಿನ್ನ ಮನೆ ಫ್ಯಾನು ತಿರುಗಿಸು ಹೋಗು ಅಂದರು. ಅವನ ಮನೆಯ ಫ್ಯಾನು ಕೆಟ್ಟು ತಿಂಗಳಾದದ್ದು ಎಲ್ಲರಿಗೂ ಗೊತ್ತು. ಅವನೂ ನಕ್ಕುಬಿಟ್ಟು ಹೋದ.

ಮೊನ್ನೆ ಹಳೆಯದನ್ನು ಇಳಿಸಿದೆವು. ಅದು ಒಲೆಯ ಮೇಲೆ ಮರದ ಗೂಡಿನಲ್ಲಿ ಹುದುಗಿಕೊಂಡಿತ್ತು, ಸುತ್ತ ಒಂದು ಚೌಕಟ್ಟು. ಅವರ ಕೆಲಸದಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಮನೆಯಿಂದ ಎಳೆದಿದ್ದ ಕರೆಂಟಿನ ವೈರು ಕಿತ್ತರು, ಬ್ಯಾಟರಿ ಆರಿಸಿದರು, ಪಕ್ಕದ ಕಪಾಟಿನಲ್ಲಿದ್ದ ಪ್ಲಗ್ ತೆಗೆದರು, ಚೌಕಟ್ಟಿನ ಸ್ಕ್ರೂಗಳನ್ನು ಬಿಚ್ಚಿ ನನ್ನ ಸೆರಗಿನಲ್ಲಿ ಕಟ್ಟಿಸಿದರು. ಆ ಜಾಗದಲ್ಲಿ ಒಬ್ಬರು ನೆಟ್ಟಗೆ ನಿಂತರೆ ಇನ್ನೊಬ್ಬರು ಉಸಿರು ಬಿಗಿ ಹಿಡಿಯಬೇಕು. ಬಲಗಡೆ ನಾನು, ಎಡಗಡೆ ಅವರು. ಮುಂದಕ್ಕೆ ಎಳೆದೆವು. ಪೂರ್ತಿ ಹೊರಗೆ ಬಂದಿತ್ತು, ಅಷ್ಟರಲ್ಲಿ ಅವರ ಕಡೆಯ ಮೂಲೆ ದಡಕ್ಕನೆ ಕೆಳಗಿಳಿಯಿತು. ಒಲೆಯ ಗಾಜಿನ ಮುಚ್ಚಳ ಪುಡಿಪುಡಿಯಾಯಿತು. ಓವನ್ ನನ್ನ ಪಾದಕ್ಕೆ ತಾಗಿತೋ ಇಲ್ಲವೋ ಅನ್ನುವ ಹಾಗೆ ಬಿತ್ತು.

ನೀನು ಎಳೆದೆ, ಅದಕ್ಕೇ ಜಾರಿತು ಅಂದರು. ನಾನು ಎಳೆದಿರಲಿಲ್ಲ. ಆದರೂ ಅಷ್ಟು ಗಟ್ಟಿಯಾಗಿ ಅಂದಾಗ ನನಗೇ ಅನುಮಾನ ಬಂತು. ಸಂಜೆ ಪ್ರಾರ್ಥನೆಗೆ ಕೂತಾಗಲೂ ನನ್ನ ಕೈ ಜಾರದ ಹಾಗೆ ನೋಡಿಕೋ ತಂದೆ ಅಂತಲೇ ಬೇಡಿಕೊಂಡೆ. ಯಾರ ಕೈಗಾಗಿ ಬೇಡಬೇಕೋ ಅದು ನನಗೆ ಗೊತ್ತಿರಲಿಲ್ಲ.

ನಿನ್ನೆ ಹೊಸದನ್ನು ಕೂರಿಸಿದೆವು. ಮಗಳೇ, ಇಲ್ಲಿಂದ ನಿಧಾನವಾಗಿ ಓದು.

ಹೊಸದು ಹಳೆಯದಕ್ಕಿಂತ ಸ್ವಲ್ಪ ಗಿಡ್ಡ. ಅದಕ್ಕೆ ಅಡಿಯಲ್ಲಿ ಎರಡು ಮರದ ಪಟ್ಟಿ ಹೊಡೆದಿದ್ದರು. ಇಬ್ಬರೂ ಸೇರಿ ಎತ್ತಿ, ಅದರ ಹಿಂಭಾಗವನ್ನು ಗೂಡಿನೊಳಗೆ ತೂರಿಸಿದೆವು. ಇನ್ನು ಮುಂಭಾಗ ಎತ್ತಿ ನೂಕಿದರೆ ಆಯಿತು. ನೂಕಿದೆವು, ಕೂತಿತು ಅನ್ನಿಸಿತು. ಅವರು ಖುಷಿಯಲ್ಲಿ ಏನೋ ಗುನುಗುತ್ತಾ, ಏ ಇವಳೇ, ಟಾರ್ಚು ಸ್ವಲ್ಪ ಈ ಕಡೆ ಹಿಡಿ ಅಂದರು. ಹಿಡಿದೆ. ಓವನ್ನಿನ ಬಿಳಿ ಬಾಗಿಲ ಮೇಲೆ ಕೆಂಪಗೆ ಒಂದು ಗೆರೆ ಇಳಿದು ಬಂತು.

ಅಯ್ಯೋ, ನಿನಗೆಲ್ಲಿ ಗಾಯವಾಯ್ತು ನೋಡ್ಕೋ ಅಂದರು.

ನನ್ನ ಎರಡೂ ಕೈ ನೋಡಿಕೊಂಡೆ. ಏನೂ ಆಗಿರಲಿಲ್ಲ. ತಲೆ ಎತ್ತಿ ನೋಡಿದರೆ ಅವರ ಎಡಗೈಯ ಎರಡು ಬೆರಳು ಓವನ್ನಿಗೂ ಮರದ ಅಂಚಿಗೂ ನಡುವೆ ಸಿಕ್ಕಿಕೊಂಡಿವೆ. ಇಡೀ ಭಾರ ಅವುಗಳ ಮೇಲೆ. ಅವರು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಾರೆ, ಪಾಪ, ನನಗೆ ನೋವಾಗುತ್ತಿದೆಯೇನೋ ಅಂತ.

ಕೈ ತೆಗೀರಿ ಅಂದೆ. ಬಲಗೈ ತೆಗೆದರು. ಅಲ್ಲ, ಎಡಗೈ, ಎಡಗೈ ಅಂತ ಕೂಗಿದೆ. ಎಡಗೈ ಎಲ್ಲಿದೆ ಅಂತ ಅವರು ಕಣ್ಣಿನಿಂದ ಹುಡುಕಿದರು. ತಮ್ಮ ಕೈಯನ್ನು ತಾವೇ ಹುಡುಕಿದರು ಮಗಳೇ. ಬಲಗೈಯೂ ಇಲ್ಲದೆ ಓವನ್ ಮುಂದಕ್ಕೆ ವಾಲತೊಡಗಿತು. ನಾನು ಸುಮ್ಮನೆ ನಿಂತಿದ್ದರೆ ಅದು ಅವರ ಬೆರಳನ್ನು ಸೀಳಿಕೊಂಡೇ ಬೀಳುತ್ತಿತ್ತು. ಟಾರ್ಚು ಎಸೆದು, ತಲೆಯನ್ನು ಅದರ ಅಡಿಗೆ ಕೊಟ್ಟು, ದೇವರೇ ಅಂತ ಮೇಲಕ್ಕೆ ಒತ್ತಿದೆ. ಅವರು ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು, ಬೇರೆ ಯಾರದೋ ಕೈ ಎಳೆದ ಹಾಗೆ ಎಳೆದುಕೊಂಡರು.

ಒಂದು ಉಗುರು ಎದ್ದುಬಂದಿತ್ತು. ಅರಿಶಿನ ಹಾಕಿ ಬಟ್ಟೆ ಸುತ್ತುವಾಗಲೂ ಅವರು ಹಾ ಅನ್ನಲಿಲ್ಲ. ನೋವಿಲ್ವೇನ್ರೀ ಅಂದೆ. ಇಲ್ಲ ಅಂದರು. ಯಾವಾಗಿನಿಂದ ಹೀಗೆ ಅಂದೆ. ಸಿಂಕಿನ ಕಡೆ ಮುಖ ಮಾಡಿಕೊಂಡು ಹೇಳಿದರು. ಕೆಲವು ತಿಂಗಳಿಂದ ಆ ಕೈ ಜೋಮು ಹಿಡಿದ ಹಾಗೆ ಇದೆಯಂತೆ. ಮೊದಲು ಬೆರಳತುದಿ ಮಾತ್ರ, ಈಗ ಮಣಿಕಟ್ಟಿನವರೆಗೆ. ಹಾಗಾದರೆ ಗಾಡಿ ಹೇಗೆ ಓಡಿಸ್ತಿದ್ದೀರಿ ಅಂದೆ. ಅದಕ್ಕೇನು, ಕೈ ಸ್ಟೇರಿಂಗ್ ಮೇಲಿದೆಯೋ ಇಲ್ವೋ ಅಂತ ಆಗಾಗ ನೋಡ್ಕೋತೀನಿ, ಕಣ್ಣಿದೆಯಲ್ಲ ಅಂದರು. ಕಣ್ಣು ಕೈಯನ್ನು ಕಾಯ್ತಾ ಇದ್ದರೆ ರಸ್ತೆ ಕಾಯೋರು ಯಾರು ಅಂದೆ. ನಮ್ಮ ಮದುವೆಯಾದ ಮೇಲೆ ನಾನು ಅವರನ್ನು ಮಾತಿನಲ್ಲಿ ಸೋಲಿಸಿದ್ದು ನಿನ್ನೆಯೇ ಮೊದಲು. ಗೆದ್ದೆ ಅಂತ ಸಂತೋಷವಾಗಲಿಲ್ಲ.

ನೀನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ನಿನ್ನ ಕಣ್ಣಿಗೆ ಬಿದ್ದರೆ ಅಲ್ಲೇ ಹಿಡಿದುಹಾಕುತ್ತೀಯ ಅಂತಲೇ ಕಳೆದ ಸಲ ಬಂದಾಗ ಆ ಕೈಯನ್ನು ಜೇಬಿನಿಂದ ತೆಗೆಯಲಿಲ್ಲವಂತೆ. ನಾವು ಏನೋ ಸ್ಟೈಲು ಅಂದುಕೊಂಡು ನಕ್ಕೆವು.

ಆಮೇಲೆ ನನ್ನ ಕೈ ಹಿಡಿದುಕೊಂಡರು, ಬಲಗೈಯಿಂದ. ಮಕ್ಕಳಿಗೆ ಸಮುದ್ರ ತೋರಿಸ್ತೀನಿ ಅಂದಿದ್ದೀನಿ, ಈ ಒಂದು ಸಲ ಹೋಗಿ ಬಂದುಬಿಡೋಣ, ಬಂದ ಮೇಲೆ ಯಾವ ಡಾಕ್ಟರ ಹತ್ತಿರ ಬೇಕಾದರೂ ಎಳ್ಕೊಂಡು ಹೋಗು, ಅಲ್ಲೀತನಕ ಮಗಳಿಗೆ ಹೇಳಲ್ಲ ಅಂತ ದೇವರ ಹೆಸರೆತ್ತಿ ಮಾತು ಕೊಡು ಅಂದರು. ಅವರು ಕಣ್ಣೊರೆಸಿಕೊಂಡದ್ದನ್ನು ನೋಡಿ ನನ್ನ ಬುದ್ಧಿ ಕೈಕೊಟ್ಟಿತು. ಮಾತು ಕೊಟ್ಟೆ.

ಉಳಿದ ಕೆಲಸ ನಾನೇ ಮಾಡಿದೆ. ಅವರು ಕೂತು ಹೇಳಿದರು, ನಾನು ಸ್ಕ್ರೂ ತಿರುಗಿಸಿದೆ. ಹಿಂದೆ ಗಾಳಿಯಾಡಲು ಸಂದು ಬಿಟ್ಟಿದ್ದೀಯಾ ಅಂತ ಎರಡೆರಡು ಸಲ ಕೇಳಿದರು. ಕೊನೆಗೆ ಒಂದು ಲೋಟ ನೀರಿಟ್ಟು ಒತ್ತಿದಾಗ ಹೊಗೆಯಾಡುವ ಹಾಗೆ ಬಿಸಿಯಾಯಿತು. ಲೋಕ ಗೆದ್ದವರ ಹಾಗೆ ನಿಂತರು ನೋಡು, ಬೆರಳಿಗೆ ಬಟ್ಟೆ ಸುತ್ತಿಕೊಂಡು.

ಸಂಜೆ ನಿನ್ನ ಫೋನ್ ಬಂತು. ದೊಡ್ಡವಳು ಮನೆಗಾಡಿಯ ಮೇಲಿನ ಹಾಸಿಗೆ ನನಗೆ ಅಂದಳು, ಚಿಕ್ಕವಳು ನಾನು ತಾತನ ಪಕ್ಕ ಮುಂದೆ ಕೂರ್ತೀನಿ ಅಂತ ರಂಪ ಮಾಡಿದಳು. ಇವರು ಹೂಂ ಬಂಗಾರ, ನಿನ್ನದೇ ಸೀಟು ಅಂದರು. ಯಾಕಮ್ಮ ಮಾತೇ ಇಲ್ಲ ಅಂತ ನೀನು ಕೇಳಿದೆ. ಗಂಟಲು ಕೆಟ್ಟಿದೆ ಅಂದೆ. ಗಂಟಲು ಚೆನ್ನಾಗೇ ಇತ್ತು.

ಇವತ್ತು ಬೆಳಗಿನಿಂದ ಆ ಸೀಟೇ ಕಣ್ಣೆದುರು ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳನ್ನು ಆ ಗಾಡಿ ಹತ್ತಿಸಬೇಡ. ಅಳಿಯಂದಿರು ಹಡಗಿನ ಕೆಲಸದಲ್ಲಿ, ನೀನು ಒಂಟಿ. ನಾವು ಮಕ್ಕಳನ್ನು ನೋಡಿಕೊಂಡರೆ ನೀನು ತರಬೇತಿಗೆ ಹೋಗುವೆ, ಹೋದರೆ ನಿನ್ನ ಕೆಲಸ ಕಾಯಂ, ಎಲ್ಲ ಗೊತ್ತು. ಗೊತ್ತಿದ್ದೂ ನಿನ್ನ ಅನ್ನದ ದಾರಿಗೆ ಕಲ್ಲು ಹಾಕುತ್ತಿದ್ದೇನೆ. ದೇವರ ಹೆಸರಿನಲ್ಲಿ ಕೊಟ್ಟ ಮಾತನ್ನೂ ಮುರಿಯುತ್ತಿದ್ದೇನೆ, ಜೀವಮಾನದಲ್ಲಿ ಮೊದಲ ಸಲ. ನಾಳೆ ಆ ದೇವರೇ ಕೇಳಿದರೆ ಉತ್ತರ ಹೇಳುತ್ತೇನೆ, ಆ ಮಕ್ಕಳನ್ನೂ ನೀನೇ ಕೊಟ್ಟದ್ದಲ್ಲವೇ ಅಂತ. ನಿಮ್ಮಪ್ಪ ಕೇಳಿದರೆ ಏನು ಹೇಳಲಿ, ಅದು ತಿಳಿಯುತ್ತಿಲ್ಲ. ಅವರಿಗೆ ಹೆದರಿಕೆ ಕೈಯ ಬಗ್ಗೆ ಅಲ್ಲ, ಗಾಡಿ ಓಡಿಸುವುದನ್ನು ಬಿಟ್ಟ ಮೇಲೆ ತಾನು ಯಾರು ಅಂತ. ನೀನು ಬೈಯಬೇಡ. ಬಂದು ಪಕ್ಕದಲ್ಲಿ ಕೂತು ಹೇಳು, ನಿನ್ನ ಮಾತು ಕೇಳುತ್ತಾರೆ.

ಗೇಟಿನ ಸದ್ದಾಯಿತು. ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನನ್ನು ಹೆತ್ತವಳು, ನಿನ್ನ ಮಕ್ಕಳಿಗಾಗಿ ಹೆದರಿದವಳು,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಆಮೇಲೆ ಆದದ್ದು. ಪತ್ರವನ್ನು ಹಿಟ್ಟಿನ ಡಬ್ಬದ ಅಡಿಗೆ ತಳ್ಳಿದೆ, ಆದರೆ ಅವರ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ನಾನೇ ತೆಗೆದು ಕೈಗೆ ಕೊಟ್ಟೆ. ನಿಂತೇ ಓದಿದರು. ಹರಿದುಹಾಕುತ್ತಾರೆ ಅಂದುಕೊಂಡೆ. ಓವನ್ ಅಲ್ಲಾಡದ ಹಾಗೆ ಕೂತಿದೆ ಅಂತ ಒಂದು ಮಾತು ಬರೆದಿಲ್ವಲ್ಲೇ ನೀನು ಅಂದರು. ಸರಿ, ಬರೆದಿದ್ದೇನೆ, ಅಲ್ಲಾಡದ ಹಾಗೆ ಕೂತಿದೆ. ನೀವೇ ಫೋನ್ ಮಾಡಿ ಹೇಳಿಬಿಡಿ ಅಂದೆ. ಬಾಯಿ ತೆರೆದರೆ ಮತ್ತೆ ಜೋಕೇ ಬರೋದು, ಇದೇ ಹೋಗಲಿ ಅಂದರು. ನೀನು ತರಬೇತಿ ತಪ್ಪಿಸಬೇಡವಂತೆ. ಮಕ್ಕಳನ್ನು ರೈಲಿನಲ್ಲಿ ತಂದುಬಿಡಬೇಕಂತೆ. ಮನೆಗಾಡಿ ಅಂಗಳದಲ್ಲೇ ನಿಂತಿರುತ್ತದೆ, ಮಕ್ಕಳು ಅದರಲ್ಲೇ ಮಲಗುತ್ತಾರೆ, ಹಾಲು ಅಲ್ಲೇ ಬಿಸಿಯಾಗುತ್ತದೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಎದುರುಮನೆಯವನ ಗಾಡಿಯಲ್ಲಿ ಹೋಗುತ್ತೇವೆ, ಅವನನ್ನು ಇವರೇ ಹೋಗಿ ಕೇಳಿದರು. ಲಕೋಟೆಯೊಳಗಿನ ಕಾಗದದ ಪೊಟ್ಟಣದಲ್ಲಿ ಗಟ್ಟಿಯಾಗಿ ಸಿಗುವುದು ಮನೆಗಾಡಿಯ ಕೀ. ನಾನು ಹಾಕಿದ್ದಲ್ಲ. ಎರಡನೆಯ ಕೀಯನ್ನೂ ಎಲ್ಲಿಂದಲೋ ತಂದು ಅವರೇ ಪೊಟ್ಟಣದೊಳಗೆ ಹಾಕಿ, ಅಂಟು ಹಚ್ಚಿ, ಸರಿಯಾಗಿ ಅಂಟಿತೋ ಇಲ್ಲವೋ ಅಂತ ನನ್ನ ಕೈಯಿಂದ ಒತ್ತಿಸಿ ನೋಡಿದರು.