ಅಕ್ಕೋರು ಬರೆದ ಪರೀಕ್ಷೆ

ತಾವರಗೇರಾ
18 ಜನವರಿ 2026, ಭಾನುವಾರ

ಪ್ರೀತಿಯ ಗೆಳತಿ ಶಾಹಜಾದಬಿಗೆ,

ನಿನ್ನ ಹುಲಗೆಮ್ಮನ ನಮಸ್ಕಾರ. ನಾವು ಇಲ್ಲಿ ಆರಾಮ ಇದ್ದೇವೆ. ಅಳವಂಡಿಯಲ್ಲಿ ನೀನು, ಮಗ, ಸೊಸೆ, ಮೊಮ್ಮಗಳು ಎಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ಪರೀಕ್ಷೆಯ ದಿನ ನಿನಗೆ ಬಂದಿದ್ದ ಜ್ವರ ಇಷ್ಟರಲ್ಲಿ ಇಳಿದಿರಬೇಕು. ಬರೆಯಲು ತಡವಾಯಿತು, ಬೈಯಬೇಡ, ಅರ್ಧ ತಪ್ಪು ನಿನ್ನದೇ. ಫೋನು ಮಾಡಿದರೆ ಎತ್ತುವುದಿಲ್ಲ. ಮೆಸೇಜು ಹಾಕಿದರೆ ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತೀ. ಮುನಿರಾಬಾದಿನಲ್ಲಿ ಟಿ.ಸಿ.ಎಚ್. ಓದುವಾಗ ರಜೆಯಲ್ಲಿ ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದೆವಲ್ಲ, ಹಾಗೆ ಬರೆಯಲು ಕೂತಿದ್ದೇನೆ. ಕಾಗದ ಬಂದರೆ ಓದದೆ ಇರುವವಳಲ್ಲ ನೀನು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಾನು ಟಿಇಟಿ ಪಾಸಾದೆ. ನನ್ನ ನೌಕರಿ ಇನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಕೋರ್ಟಿನ ತೀರ್ಪು ಬಂದ ದಿನ ನಿನಗೆ ನೆನಪಿರಬೇಕು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಮಾಸ್ತರರೆಲ್ಲ ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸು ಮಾಡಬೇಕು, ಇಲ್ಲವಾದರೆ ಮನೆಗೆ ನಡೆಯಬೇಕು ಎಂದಾಗ ನಾನು ನಿನಗೆ ಫೋನು ಹಚ್ಚಿ ಮನಸಾರೆ ಬೈದೆ. ಇಷ್ಟು ವರ್ಷ ನಾವು ಕಲಿಸಿದ್ದೇನು, ದನ ಕಾಯ್ದದ್ದೇನು ಅಂತ. ನೀನು ನಕ್ಕು, ಬಾ, ಇಬ್ಬರೂ ಕೂಡಿ ಅರ್ಜಿ ಹಾಕೋಣ ಅಂದೆ. ಕೊಪ್ಪಳದ ಆ ಕಂಪ್ಯೂಟರ್ ಅಂಗಡಿಯಲ್ಲಿ ಒತ್ತಿಕೊಂಡು ಕೂತು ಅರ್ಜಿ ತುಂಬಿದೆವು, ಪರೀಕ್ಷೆಯ ನಂಬರೂ ಒಂದರ ಹಿಂದೆ ಒಂದು ಬಂದವು. ಬೈದದ್ದು ಬಾಯಿಮಾತಿಗೆ. ಒಳಗೆ ಬೇರೆಯೇ ಒಂದು ಅನುಮಾನ ಹೊಕ್ಕಿತ್ತು. ನಾನು ಕಲಿಸಲು ಲಾಯಕ್ಕೇ ಅಲ್ಲವೇನೋ, ಇಷ್ಟು ದಿನ ಯಾರೂ ಕೇಳಲಿಲ್ಲ ಅಂತ ನಡೆದುಹೋಯಿತೇನೋ ಅನ್ನಿಸುತ್ತಿತ್ತು.

ನಮ್ಮ ಹೆಡ್‌ಮಾಸ್ತರ್ ಕೊಟ್ರಪ್ಪನವರಿಗೆ ನಿವೃತ್ತಿ ಹತ್ತಿರ ಬಂದಿದೆ, ಅವರಿಗೆ ಈ ಪರೀಕ್ಷೆಯ ಕಾಟವಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂತು, ಅಕ್ಕೋರೇ ಎಲ್ಲಿಗೆ ಬಂತು ಅಭ್ಯಾಸ ಅಂತ ದಿನಾ ಕೇಳುವರು. ಐದನೆಯ ಇಯತ್ತೆಯ ಮಕ್ಕಳ ಕಣ್ಣಿಗೂ ನನ್ನ ಗೈಡು ಬಿತ್ತು. ನಮ್ಮ ಅಕ್ಕೋರಿಗೂ ಪರೀಕ್ಷೆ ಇದೆ ಅಂತ ಊರೆಲ್ಲ ಡಂಗುರ. ಬೆಳಗ್ಗೆ ಪ್ರಾರ್ಥನೆ ಮುಗಿದರೆ ಸಾಕು, ನಿನ್ನೆ ಎಷ್ಟು ಪಾಠ ಓದಿದಿರಿ ಅಂತ ವಿಚಾರಣೆ. ಓದಿಲ್ಲ ಅಂದರೆ ನಾನು ಅವರಿಗೆ ಹೇಳುವ ಮಾತನ್ನೇ ನನಗೆ ತಿರುಗಿ ಹೇಳುತ್ತಿದ್ದರು, ಅದೇ ದನಿಯಲ್ಲಿ.

ಗೈಡಿನಲ್ಲಿ ಒಂದು ಪ್ರಶ್ನೆ ನೋಡಿ ನಗು ತಡೆಯಲಾಗಲಿಲ್ಲ. ತರಗತಿಯಲ್ಲಿ ಮಗು ಅಳುತ್ತಿದ್ದರೆ ಶಿಕ್ಷಕಿ ಏನು ಮಾಡಬೇಕು? ಕೆಳಗೆ ನಾಲ್ಕು ಉತ್ತರ. ಆ ನಾಲ್ಕನ್ನೂ ಒಂದೇ ಮಗುವಿಗೆ ಒಂದೇ ಮುಂಜಾನೆ ಮಾಡಿದವಳು ನಾನು. ಒಂದಕ್ಕೇ ಗುರುತು ಹಾಕು ಅಂದರೆ ಹೇಗೆ?

ಪರೀಕ್ಷೆ ಕೊಪ್ಪಳದ ಒಂದು ಕಾಲೇಜಿನಲ್ಲಿ. ನಮ್ಮ ಕೋಣೆಯಲ್ಲಿ ಬಹುಪಾಲು ನನ್ನಂಥವರೇ, ಕನ್ನಡಕದವರು, ಮೊಣಕಾಲು ನೋವಿನವರು. ಯಾರೋ ಪಿಸುಗುಟ್ಟಿದರೆ ಉಳಿದವರೆಲ್ಲ ಶ್ ಅನ್ನುವರು. ಮೇಲ್ವಿಚಾರಣೆಗೆ ಬಂದ ಹುಡುಗಿ ರೂಪಾ ಅಂತ, ನನ್ನ ಮಗಳಿಗಿಂತ ಚಿಕ್ಕವಳು, ನಮ್ಮನ್ನೆಲ್ಲ ನೋಡಿ ಅವಳೇ ಹೆದರಿದ್ದಳು. ಗಣಿತದಲ್ಲಿ ಭಿನ್ನರಾಶಿ ಬಂತು. ಹಾಸ್ಟೆಲಿನಲ್ಲಿ ನೀನು ಜೋಳದ ರೊಟ್ಟಿ ಹರಿದು ನನಗೆ ಭಿನ್ನರಾಶಿ ತಿಳಿಸಿದ್ದೆಯಲ್ಲ, ಕಣ್ಣು ಮುಚ್ಚಿ ಅದೇ ರೊಟ್ಟಿ ಹರಿದೆ, ಉತ್ತರ ಸಿಕ್ಕಿತು.

ಇನ್ನು ನಾನು ಮಾಡಿದ ಘನಕಾರ್ಯ ಕೇಳು. ಮುಗಿಯುವ ಗಂಟೆ ಹೊಡೆಯಿತು. ಗಂಟೆ ಹೊಡೆದಾಗ ಕೂತು ಗೊತ್ತಿದೆಯೇ ನಮಗೆ? ಎದ್ದೆ. ಎದ್ದವಳು ನೆಟ್ಟಗೆ ನಮ್ಮ ಸಾಲಿನ ಮೊದಲ ಬೆಂಚಿಗೆ ಹೋಗಿ, ಕೈ ಚಾಚಿ, ಎಲ್ಲರ ಉತ್ತರಪತ್ರಿಕೆ ಇಸಿದುಕೊಳ್ಳುತ್ತ ಹಿಂದಕ್ಕೆ ಬಂದೆ. ನನ್ನ ಗತ್ತು ನೋಡಿ ಅವರೂ ಕೊಟ್ಟುಬಿಟ್ಟರು. ನನ್ನದನ್ನೂ ಸೇರಿಸಿಕೊಂಡು, ಅರ್ಧ ಸಾಲು ಮುಗಿಸಿ ನಿಂತಾಗಲೇ ರೂಪಾ ನೋಡಿದ್ದು. ಪಾಪ, ಬಿಳಿಚಿಕೊಂಡಳು.

ಕೇಂದ್ರದ ಮುಖ್ಯಸ್ಥರು ಬಂದರು. ಇನ್ನೊಬ್ಬರ ಉತ್ತರಪತ್ರಿಕೆ ಮುಟ್ಟಿದರೆ ಅದು ಅಕ್ರಮ, ಪರೀಕ್ಷೆಯೇ ರದ್ದಾಗಬಹುದು ಎಂದರು. ಹಿಡಿದಿದ್ದ ಪತ್ರಿಕೆಗಳನ್ನೆಲ್ಲ ಅವರ ಕೈಗೆ ಒಪ್ಪಿಸಿದೆ. ಕೊನೆಯ ಬೆಂಚಿನ ಮಾಸ್ತರರೊಬ್ಬರು ಎದ್ದು ನಿಂತು, "ಅಕ್ಕೋರ ಕೈ ರೂಢಿಗೆ ಹೋಗೈತ್ರಿ ಸಾಹೇಬ್ರ. ಗಂಟಿ ಹೊಡದ್ರ ನಾನೂ ಅರ್ಧಾ ಎದ್ದಿದ್ನಿ" ಅಂದರು. ಮುಖ್ಯಸ್ಥರು ನನ್ನಿಂದ ಹೇಳಿಕೆ ಬರೆಸಿಕೊಂಡು, ಮೇಲಿನವರು ಏನನ್ನುತ್ತಾರೋ ನೋಡೋಣ ಅಂತ ಕಳಿಸಿದರು.

ಅಲ್ಲಿಂದ ಫಲಿತಾಂಶ ಬರುವವರೆಗೆ ಊಟ ರುಚಿಸಲಿಲ್ಲ. ಓದಿ ಫೇಲಾದರೆ ಇನ್ನೊಮ್ಮೆ ಕಟ್ಟಬಹುದು, ಪೇಪರ್ ಇಸಿದುಕೊಂಡು ಡಿಬಾರ್ ಆದಳು ಅಂದರೆ ಮಕ್ಕಳಿಗೆ ಮುಖ ತೋರಿಸುವುದು ಹೇಗೆ? ನಮ್ಮ ಮನೆಯವರಿಗಷ್ಟೇ ಹೇಳಿದ್ದೆ. ಅವರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು, ಆಮೇಲೆ ದಿನಾ ತಮ್ಮ ಬೀಜದ ಅಂಗಡಿಯಲ್ಲಿ ಕೂತು ಕದ್ದು ಫಲಿತಾಂಶ ಹುಡುಕುತ್ತಿದ್ದರಂತೆ.

ಫಲಿತಾಂಶ ಬಂದದ್ದು ಸಂತೆಯ ದಿನ. ನಮ್ಮ ಮನೆಯವರು ಗಿರಾಕಿಗಳನ್ನು ಹೊರಗೆ ಕಳಿಸಿ ಶಟರ್ ಎಳೆದು, ಪೇಢೆಯ ಪೊಟ್ಟಣ ಹಿಡಿದು ಸೀದಾ ಶಾಲೆಗೆ ಬಂದರು. ಮೂವತ್ತು ವರ್ಷದ ಸಂಸಾರದಲ್ಲಿ ವಿರುಪಾಕ್ಷಿಯವರು ಸಂತೆಯ ದಿನ ಅಂಗಡಿ ಮುಚ್ಚಿದ್ದು ನಾನು ಕಂಡಿಲ್ಲ. ಫೋನು ನನ್ನ ಮುಂದೆ ಹಿಡಿದರು. ನನ್ನ ಹೆಸರು, ಅದರ ಮುಂದೆ "ಅರ್ಹ" ಅಂತ. ಕೊಟ್ರಪ್ಪನವರು ಎದ್ದು ತಮ್ಮ ಕುರ್ಚಿ ನನ್ನ ಕಡೆ ಎಳೆದು, "ಕುಂದರ್ರಿ ಅಕ್ಕೋರ. ಈ ಪರೀಕ್ಷಾ ನಾ ಬರದಿದ್ರ ಪಾಸ್ ಆಕ್ಕಿದ್ದಿಲ್ಲ. ಅದಕ್ಕ ನಿಮಗ ಚಾಷ್ಟಿ ಮಾಡ್ತಿದ್ನಿ" ಅಂದರು. ಆ ಮಾತಿಗೆ ನನಗೆ ಅಳು ಬಂತು. ಮಕ್ಕಳು ಹಲಗೆ ತುಂಬ "ನಮ್ಮ ಅಕ್ಕೋರು ಪಾಸ್" ಅಂತ ಬರೆದರು, ನಾನು ಅಂದು ಅದನ್ನು ಒರೆಸಲಿಲ್ಲ. ಭಾಳ ಹೆಮ್ಮೆಯಾಯಿತು ಶಾಹಜಾದಿ, ಸುಳ್ಳು ಯಾಕೆ ಹೇಳಲಿ. ಮದುವೆಯ ದಿನವೂ ನಾನು ಇಷ್ಟು ಬೀಗಿರಲಿಲ್ಲ.

ಸಂಕ್ರಾಂತಿಗೆ ಮಾಡಿದ ಶೇಂಗಾ ಹೋಳಿಗೆ ಕಟ್ಟಿ ಕಳಿಸಿದ್ದೇನೆ. ಮೊಮ್ಮಗಳಿಗೆ ನನ್ನ ಮುದ್ದು, ಹುಲಿಗೆಮ್ಮ ತಾಯಿ ಅವಳಿಗೆ ನಿನ್ನ ಬುದ್ಧಿಯನ್ನೂ ನನ್ನ ಬಾಯನ್ನೂ ಕೊಡಲಿ. ಮಗ, ಸೊಸೆ ನೂರು ಕಾಲ ಚೆನ್ನಾಗಿರಲಿ.

ನಿನ್ನವಳೇ ಆದ,
ಹುಲಗೆಮ್ಮ

ತಾ.ಕ.: ಹೋಳಿಗೆ ಒಯ್ಯಲು ಬಂದ ನಿನ್ನ ಸೊಸೆ ನಿನ್ನೆ ನನ್ನ ಮುಂದೆ ಬಾಯಿ ಬಿಟ್ಟಳು. "ಅತ್ತಿಯವ್ರಿಗೆ ಜ್ವರ ಇದ್ದಿಲ್ಲರಿ. ಪರೀಕ್ಷಾ ಗೇಟಿನ ತನಕ ಬಂದು ಹೊಳ್ಳಿ ಹೋಗ್ಯಾರ. ಈಗ ನೌಕರಿ ಬಿಡ್ತೀನಿ ಅಂತ ಕುಂತಾರ" ಅಂದಳು. ಅವಳನ್ನು ಬೈಯಬೇಡ. ಕಾಗದ ಬರೆಯಲು ಕೂತದ್ದೂ ಇದಕ್ಕೇ.

ಪತ್ರಿಕೆ ಇಸಿದುಕೊಳ್ಳುತ್ತ ಅರ್ಧ ಸಾಲಿಗೆ ನಿಂತೆ ಅಂದೆನಲ್ಲ, ರೂಪಾ ತಡೆದದ್ದಕ್ಕೆ ನಿಂತದ್ದಲ್ಲ. ನನ್ನ ಹಿಂದಿನ ಬೆಂಚು ನಿನ್ನದು. ನಿನ್ನ ನಂಬರು ಅಂಟಿಸಿತ್ತು. ಅಲ್ಲಿಯೂ ಕೈ ಚಾಚಿದೆ, ಖಾಲಿ ಬೆಂಚು ನೋಡಿ ಮುಂದೆ ಹೋಗಲಾಗಲಿಲ್ಲ. ಆಗ ಜ್ವರ ಅಂತಲೇ ತಿಳಿದಿದ್ದೆ. ನೀನು ಹೊರಗೆ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದೆ ಅಂತ ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ.

ನನಗೆ ಭಿನ್ನರಾಶಿ ಕಲಿಸಿದವಳು ನೀನು. ಗಡುವು ಇನ್ನೂ ಮುಗಿದಿಲ್ಲ, ಮುಂದಿನ ಪರೀಕ್ಷೆಗೆ ಅಳವಂಡಿಗೆ ಬಂದು ಕೈ ಹಿಡಿದು ಕರೆದೊಯ್ಯುತ್ತೇನೆ, ಮುಗಿಯುವವರೆಗೆ ಗೇಟಿನಲ್ಲೇ ಕೂತಿರುತ್ತೇನೆ. ಆದರೆ ಹೆದರಿಕೆ ಆಗಿದೆ ಅಂತ ನನಗೊಬ್ಬಳಿಗಾದರೂ ಹೇಳಬಹುದಿತ್ತು ಶಾಹಜಾದಿ. ನನಗೂ ಆಗಿತ್ತು.