ನಿನ್ನ ಎಡಗಾಲಿನ ಮೇಲಿನ ಆರೋಪ

ಸೊಲ್ಲಾಪುರ,
ಸೋಮವಾರ, ೧೧ ಆಗಸ್ಟ್ ೨೦೨೫

ಪ್ರೀತಿಯ ಕಲ್ಯಾಣಿ,

ಮೊಣಕಾಲು ನೋವು ಹೇಗಿದೆ? ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ತವರಿಗೆ ಬಂದೆನೆಂಬ ಹುರುಪಿನಲ್ಲಿ ಭಂಡಾರಕವಠೆಯ ಹೊಲದ ಬದುವೆಲ್ಲ ತಿರುಗುತ್ತೀಯೋ? ಬಿ.ಪಿ. ಗುಳಿಗೆ ತಪ್ಪಿಸಬೇಡ. ಎರಡೂ ಹೊತ್ತು ಚುರಮುರಿ ತಿನ್ನುವುದಕ್ಕೆ ಕ್ಷೇಮ ಅನ್ನುವುದಾದರೆ ನಾನೂ ಕ್ಷೇಮ. ಹದಿನಾಲ್ಕು ಸಲ ಫೋನು ಮಾಡಿದೆ. ಹದಿನಾಲ್ಕು ಸಲವೂ ನಿನ್ನ ಅಣ್ಣನ ಹೆಂಡತಿ ವೈನಿಯೇ ಎತ್ತಿ, "ಅಕ್ಕಾರು ಪೂಜಾದಾಗ ಅದಾರ್ರಿ" ಅಂದಳು. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಪೂಜೆ, ಸಂಜೆ ಧಾರಾವಾಹಿಯ ಹೊತ್ತಿಗೂ ಪೂಜೆ! ದೇವರಿಗಾದರೂ ವಿಶ್ರಾಂತಿ ಬೇಡವೇ? ಅದಕ್ಕೇ ಈ ಪತ್ರ. ಪತ್ರವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ಹದಿನೇಳು ದಿನದ ಹಿಂದಿನ ಆ ಮಾತು ನಿನಗೆ ಮರೆತಿರಲಾರದು. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ, ಇಲ್ಲದಿದ್ದರೆ ನನ್ನ ಗೋಳು ಪೂರ್ತಿ ತಿಳಿಯುವುದಿಲ್ಲ. ಅಕ್ಕಲಕೋಟೆಯಲ್ಲಿ ಸ್ವಾಮಿಗಳ ದರ್ಶನ ಮುಗಿದಿತ್ತು. ಸ್ಟೇರಿಂಗಿಗೆ ನೀನು, ಪಕ್ಕದಲ್ಲಿ ನಾನು, ಹಿಂದೆ ನಮ್ಮ ಇಂದುಅಕ್ಕ, ಭಾವ, ಅವರ ಸೊಸೆ ಸೋನಾಲಿ. ರಿವರ್ಸ್ ಗೇರು ಬೀಳಲೊಲ್ಲದು. ಕರ್ರ್ ಅಂತ ಒಂದೇ ಸಮನೆ ಚೀರಿ, ತಪ್ಪಿ ಮೊದಲನೆಯ ಗೇರಿಗೆ ಬಿದ್ದು, ಗಾಡಿ ಮುಂದಕ್ಕೆ ಹಾರಿ ಹೂವಿನವಳ ಬುಟ್ಟಿ ಉರುಳಿಸಿತು. ಆಗ ನೀನು ಸಣ್ಣ ದನಿಯಲ್ಲಿ, "ಪೆಡಲ್ ಪೂರಾ ಕೆಳಗ ಹೋಗವಲ್ದರಿ" ಅಂದೆ. ನಾನೋ! ಮೂವತ್ತು ವರ್ಷ ನಮ್ಮೂರ ನಾಟಕಗಳಲ್ಲಿ ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ ಗಂಟಲು ಇದು. "ಪೆಡಲ್ ಬರೋಬ್ಬರಿ ಐತಿ, ನಿನ್ನ ಕಾಲ ಗಿಡ್ಡ ಅದಾವ! ಐವತ್ನಾಕ ವರ್ಷಕ್ಕ ಲೈಸೆನ್ಸ್ ಬೇಕಂತ ಈಕಿಗೆ!" ಅಂತ ಗರ್ಜಿಸಿ ಕೀಲಿ ಕಸಿದುಕೊಂಡೆ. ಹೂವಿನವರು ನಕ್ಕರು. ಅಕ್ಕನೂ ನಕ್ಕಳು. ನೀನು ಪರ್ಸಿನಿಂದ ಲೈಸೆನ್ಸ್ ತೆಗೆದು ನನ್ನ ಅಂಗೈಯಲ್ಲಿಟ್ಟು, "ಇನ್ನ ನಾ ಸ್ಟೇರಿಂಗ್ ಮುಟ್ಟಿದ್ರ ಕೇಳ್ರಿ" ಅಂದವಳೇ ತವರಿನ ದಾರಿಯ ಬಸ್ಸು ಹತ್ತಿಬಿಟ್ಟೆ.

ಈಗ ಎರಡನೆಯ ಅಂಕ ಕೇಳು. ನಾಯಕ ನಾನೇ, ನಗೆಪಾಟಲಾದವನೂ ನಾನೇ. ಮೂರನೆಯ ದಿನ ಸಾತ್ ರಸ್ತಾ ಸಿಗ್ನಲ್ಲಿನಲ್ಲಿ ಕ್ಲಚ್ಚು ಒತ್ತಿ ನಿಂತಿದ್ದೇನೆ, ಗಾಡಿ ತಾನೇ ತೆವಳುತ್ತ ಮುಂದಿನ ರಿಕ್ಷಾಕ್ಕೆ ಮುತ್ತಿಡಲು ಹೊರಟಿದೆ! ಬ್ರೇಕ್ ಹಾಕಿದರೆ ಇಂಜಿನ್ ಬಂದ್. ಸಿಗ್ನಲ್ ಹಸಿರಾದರೆ ಗೇರು ಬೀಳದು. ಹಿಂದಿನಿಂದ ಹಾರ್ನಿನ ಜಾತ್ರೆ. ನೇರ ಅಮೋಲನ ಗ್ಯಾರೇಜಿಗೆ ಒಯ್ದೆ. ಅವನು, "ಕ್ಲಚ್ ಪ್ಲೇಟ್ ಗೇಲೀ, ಹೋತು ಕಾಕಾ. ಮನ್ಯಾಗ ಲೇಡೀಸ್ ಓಡಸ್ತಾರೇನ್ರಿ?" ಅಂದ. ನಾನು ಖುಷಿಯಿಂದ ಹೌದು ಅಂದೆ, ನೋಡು! ಗೇರ್ ಬಾಕ್ಸ್ ಕೆಳಗಿಳಿಸಿ ಹೊಸ ಪ್ಲೇಟ್ ಹಾಕಿದ. ಓಡಿಸಿ ನೋಡಿದರೆ ಗೇರುಗಳು ಬೆಣ್ಣೆಯ ಹಾಗೆ ಬೀಳುತ್ತವೆ. ಎರಡೇ ದಿನ, ಮತ್ತೆ ಅದೇ ಕರ್ರ್. ಇನ್ನೊಬ್ಬ ಮಿಸ್ತ್ರಿಯ ಹತ್ತಿರ ಹೋದೆ. ಅವನು ಬಗ್ಗಿ ಪೆಡಲನ್ನು ಕೈಯಿಂದ ನಾಲ್ಕಾರು ಸಲ ಒತ್ತಿ, ಕ್ಲಚ್ಚಿನ ಎಣ್ಣೆ ಪೈಪಿನಲ್ಲಿ ಗಾಳಿ ಹೊಕ್ಕಿದೆ ಎಂದು ತೀರ್ಪು ಕೊಟ್ಟ. ಗಾಳಿ ತೆಗೆದ, ಎಣ್ಣೆ ಬದಲಿಸಿದ. ಅವನ ಅಂಗಳದಲ್ಲೂ ಗಾಡಿ ಸರಿಯಾಯಿತು. ಮರುದಿನ ಮನೆಯಿಂದ ಹೊರಟು ತರಕಾರಿ ಮಂಡಿ ಮುಟ್ಟುವುದರೊಳಗೆ ಮತ್ತೆ ಕೈಕೊಟ್ಟಿತು. ಗ್ಯಾರೇಜಿನಲ್ಲಿ ಸಾಧು, ರಸ್ತೆಗೆ ಬಂದರೆ ರಾಕ್ಷಸ! ನನಗೆ ತಲೆ ಕೆಟ್ಟುಹೋಯಿತು ಕಲ್ಯಾಣಿ. ಬಾನೆಟ್ಟಿನ ಮುಂದೆ ನಿಂತು ನಾನು ಬೈದದ್ದನ್ನು ಕೇಳಲು ಓಣಿಯೇ ಹೊರಗೆ ಬಂದಿತ್ತು.

ಮೊನ್ನೆ ಶುಕ್ರವಾರ ಅಕ್ಕನ ಮನೆಗೆ ಹೊರಟಾಗ, ಅಕ್ಕಲಕೋಟೆ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗಲೇ ಗಾಡಿ ಹಟ ಹಿಡಿಯಿತು. ಎದುರಿಗೇ ಒಂದು ತಗಡಿನ ಶೆಡ್. ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಸಾಯಬಣ್ಣ ಎಂಬ ಮುದುಕ. ನಾನು ನನ್ನ ಕಥೆಯನ್ನು ಆದಿಯಿಂದ ಅಭಿನಯಿಸಿ ತೋರಿಸಿದೆ. ಮನುಷ್ಯ ಬಾನೆಟ್ ಕೂಡ ಎತ್ತಲಿಲ್ಲ. "ಏನೂ ಮುಟ್ಟಬ್ಯಾಡ್ರಿ, ಏನೂ ತಗೀಬ್ಯಾಡ್ರಿ. ಹ್ಯಾಂಗ ಐತೋ ಹಂಗ ಓಡಸ್ರಿ, ನಾ ಬಾಜೂಕ ಕೂಡತೀನಿ" ಅಂದ. ರಸ್ತೆ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ, ಬಗ್ಗಿ ನನ್ನ ಪಾದಗಳನ್ನೇ ನೋಡುತ್ತ ಕೂತ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಲು ಹೇಳಿ, ಪೆಡಲಿನ ಕೆಳಗೆ ಕೈ ಹಾಕಿ ಎಳೆದ. ಬಂತು ನೋಡು, ನಾಲ್ಕು ಮಡಿಕೆ ಮಾಡಿ ಹಾಸಿದ ದಪ್ಪ ಸೊಲ್ಲಾಪುರಿ ಚಾದರ, ಸರಿದು ಸರಿದು ಒರಗುವ ಲೋಡಿನ ಹಾಗೆ ಉಬ್ಬಿತ್ತು! "ಹಿಮ್ಮಡ ಒತ್ತಿದಂಗ ಇದು ಮುಂದ ಸರೀತೈತ್ರಿ. ಇದರ ಮ್ಯಾಲೆ ಪೆಡಲ್ ಕುಂತರ ಕ್ಲಚ್ ಪೂರಾ ಹ್ಯಾಂಗ ಬಿಡತೈತಿ? ಸರಿಮಾಡಿ ಹಾಸಿದ್ರ ಗಾಡಿ ನೆಟ್ಟಗ, ಸರದ್ರ ಮತ್ತ ಕರ್ರ್" ಅಂದ. ಆಗ ಹೊಳೆಯಿತು: ಆ ಇಬ್ಬರು ಪಂಡಿತರೂ ಕೆಲಸಕ್ಕೆ ಮುಂಚೆ ಚಾದರ ತೆಗೆದು ಹಿಂದಿನ ಸೀಟಿಗೆ ಎಸೆದಿದ್ದರು. ಗಾಡಿ ಮನೆಗೆ ಬಂದ ಮೇಲೆ ಅದು ಮತ್ತೆ ಜಾಗಕ್ಕೆ ಬರುತ್ತಿತ್ತು. ಹೊಸ ಪ್ಲೇಟ್, ಹೊಸ ಎಣ್ಣೆ, ಎಲ್ಲ ದಂಡ!

ಸಾಯಬಣ್ಣ ಅಷ್ಟಕ್ಕೇ ಬಿಡಲಿಲ್ಲ. "ದಿನಾ ಯಾರ ಓಡಸ್ತಾರ್ರಿ?" ಅಂದ. ನಮ್ಮ ಮನೆಯಾಕಿ ಅಂದೆ. "ಆಕಿ ಏನೂ ಹೇಳಲಿಲ್ಲೇನು?" ಅಂದ. ಕಲ್ಯಾಣಿ, ಪುಟಗಟ್ಟಲೆ ಸಂಭಾಷಣೆ ಬಾಯಿಪಾಠವಿದ್ದ ಮನುಷ್ಯ ನಾನು. ಅವತ್ತು ಮಾತ್ರ ಚಾದರ ಮಡಚಿ ಡಿಕ್ಕಿಗೆ ಹಾಕಿ, ಸಾಯಬಣ್ಣನನ್ನು ಅವನ ಶೆಡ್ಡಿಗೆ ಬಿಟ್ಟುಬಂದೆ. ಚಾದರ ಅಲ್ಲಿಗೆ ಹೇಗೆ ಬಂತು ಎಂಬ ದೃಶ್ಯದ ಮೇಲೆ ಸದ್ಯಕ್ಕೆ ಪರದೆ ಬೀಳಲಿ.

ಅಣ್ಣನವರಿಗೆ ನಮಸ್ಕಾರ ತಿಳಿಸು. ವೈನಿಗೂ, ಅವರು ಹೇಳುವ ನಿನ್ನ ಪೂಜೆಗೂ ನಮಸ್ಕಾರ. ಅವರ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಸಿದ್ಧರಾಮೇಶ್ವರ ನಿಮ್ಮೆಲ್ಲರನ್ನೂ ಸುಖವಾಗಿಡಲಿ.

ನಿನ್ನ
ಶಾಂತಲಿಂಗಪ್ಪ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಚಾದರ ಹಾಸಿದವನು ನಾನು. ಮಳೆಗಾಲದ ಕೆಸರು ಗಾಡಿಗೆ ಹತ್ತಬಾರದೆಂದು ಹಾಸಿದೆ, ಗ್ಯಾರೇಜಿನಿಂದ ಬಂದಾಗಲೆಲ್ಲ ಮತ್ತೆ ನಾನೇ ಹಾಸಿದೆ. ನಿನ್ನ ಕಾಲಿನದು ಏನೂ ತಪ್ಪಿರಲಿಲ್ಲ. ಹೇಳಿದ್ದೆ ನೀನು, ಕೇಳಲಿಲ್ಲ ನಾನು. ಅಕ್ಕ, ಭಾವ, ಸೋನಾಲಿ ಮೂವರನ್ನೂ ಕೂಡಿಸಿ ಇದನ್ನು ಹೇಳಿ ಮುಗಿಸಿದ್ದೇನೆ. ಅಕ್ಕ, "ಇದನ್ನ ಕಲ್ಯಾಣಿಗೆ ಹೇಳಿದೇನೋ ತಮ್ಮಾ?" ಅಂದಳು. ಅದಕ್ಕೇ ಬರೆದೆ. ರವಿವಾರ ಗಾಡಿ ತಗೊಂಡು ನಾನೇ ಭಂಡಾರಕವಠೆಗೆ ಬರುತ್ತೇನೆ, ಲೈಸೆನ್ಸ್ ಜೇಬಿನಲ್ಲಿ ತರುತ್ತೇನೆ. ವಾಪಸು ನೀನು ಓಡಿಸು, ನಾನು ಬಾಯಿ ಮುಚ್ಚಿ ಪಕ್ಕದಲ್ಲಿ ಕೂಡುತ್ತೇನೆ. ನನ್ನ ಜೊತೆ ಬರುವ ಮನಸ್ಸು ಇನ್ನೂ ಆಗಿರದಿದ್ದರೆ ಕೀಲಿ ಇಸಿದುಕೊಂಡು ಗಾಡಿ ನಿನ್ನ ಹತ್ತಿರವೇ ಇಟ್ಟುಕೋ. ನಾನು ಬಸ್ಸಿಗೆ ಹೋಗುತ್ತೇನೆ.