ಮಗಳ ಫಾರಂನಲ್ಲಿ ನೀವು ಬರೆದದ್ದು

ರೀ, ಎದ್ದ ಕೂಡಲೇ ಇದನ್ನು ಓದಿ. ಹಲ್ಲುಜ್ಜುವುದು ಆಮೇಲೆ.

ಮಗಳ ಶಾಲೆಯ ಪರದೇಶ ಪ್ರವಾಸದ ಫಾರಂ ಅನ್ನು ಟೀಚರ್ ವಾಪಸ್ ಕಳಿಸಿದ್ದಾರೆ. ಎರಡು ವಾರ ಅವಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಅಲ್ಲಿಯ ಭಾಷೆ ಕಲಿಸುವವರಿಗೆ ಅವಳ ಸ್ವಭಾವ ತಿಳಿಸಿ ಎಂದರೆ ನೀವು ಬರೆದದ್ದೇನು? "ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ, ಪಾತ್ರೆ ಎಸೆಯುತ್ತಾಳೆ." ಪಾತ್ರೆ ಎಸೆಯುವವಳು ನಾನು! ಅವರೇ ಬೇಡ ಅನ್ನಲಿ ಎಂದು ತಾನೇ ಈ ಆಟ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ನೀವು ಮುದ್ದು ಮಗಳನ್ನೇ ಹೆಗ್ಗಣ ಮಾಡಿದ್ದೀರಿ. ಕಳಿಸಲು ಮನಸ್ಸಿಲ್ಲದಿದ್ದರೆ ಅವಳ ಮುಖ ನೋಡಿ ಹೇಳಬೇಕಿತ್ತು. ಅದನ್ನು ಓದಿ ನಿನ್ನೆಯಿಂದ ಅವಳು ನಿಮ್ಮ ಜೊತೆ ಮಾತು ಬಿಟ್ಟಿದ್ದಾಳೆ, ಗೊತ್ತಾಯಿತಾ?

ಹೊಸ ಫಾರಂ ಹೊಲಿಗೆ ಮಿಷನ್ ಮೇಲಿದೆ. ನಾನೇ ತುಂಬಿದ್ದೇನೆ. ಅಕ್ಷರ ಸೊಟ್ಟಗಿದೆ, ಬರೆದದ್ದು ನೆಟ್ಟಗಿದೆ. ತೆಪ್ಪಗೆ ಸಹಿ ಹಾಕಿ, ಹನ್ನೆರಡರೊಳಗೆ ಶಾಲೆಗೆ ಕೊಟ್ಟು ಡಿಪೋಗೆ ಹೋಗಿ. ಡ್ರೈವರ್ ಇಲ್ಲದೆ ಬಸ್ಸು ಹೊರಡುವುದಿಲ್ಲ, ಆದರೆ ಫಾರಂ ಕಾಯುವುದಿಲ್ಲ, ಇವತ್ತೇ ಕೊನೆಯ ದಿನ.

ಅಲ್ಲಿ ಅವಳು ಮನೆ ನೆನೆದು ಅತ್ತರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದ ಕಡೆ ನಿಮ್ಮ ನಂಬರ್ ಹಾಕಿದ್ದೇನೆ. ಧೈರ್ಯ ಹೇಳಿ ಅಲ್ಲೇ ಉಳಿಸುವುದು ನಿಮ್ಮ ಕೆಲಸ. ನನಗೆ ಮಾಡಿದರೆ ನಾನು "ಬಂದುಬಿಡು ಮಗಳೇ" ಅಂದುಬಿಡುತ್ತೇನೆ.